ಹನ್ನೆರಡು ಹಿತ್ತಾಳೆ ಲೋಟ

ಬೀರುವಿನ ಒಂದು ಕೀಲಿ ಒಬ್ಬ ಮನುಷ್ಯನ ಗತಿ ಏನು ಮಾಡಬಹುದು ಅಂತ ತಿಳಿಯಬೇಕಾದರೆ ಮದ್ರಾಸಿನ ವೆಸ್ಟ್ ಮಾಂಬಲಂನ ಭೋಜರಾಜನನ್ನು ಕೇಳಬೇಕು. ಆದರೆ ಕೇಳಿದರೆ ಅವನು ಹೇಳುವುದಿಲ್ಲ, ಎದ್ದು ಒಳಗೆ ಹೋಗಿಬಿಡುತ್ತಾನೆ. ಆದ್ದರಿಂದ ನಾನೇ ಹೇಳುತ್ತೇನೆ.

2008ರ ಮಹಾಲಯ ಅಮಾವಾಸ್ಯೆಯ ದಿನ. ಮೌಂಟ್ ರೋಡಿನ ವಿಮಾ ಆಫೀಸಿನಲ್ಲಿ ಗುಮಾಸ್ತನಾದ ಭೋಜರಾಜ ಅರ್ಧ ದಿನದ ರಜೆ ಬರೆದುಕೊಟ್ಟ. ಹಳೇ ಪಾಲಿಸಿಗಳ ಬೀರುವಿಗೆ ಬೀಗ ಹಾಕಿದ. ಕೀಲಿಯನ್ನು ಮ್ಯಾನೇಜರ ಮೇಜಿನ ಮೇಲಿಡುವ ಬದಲು ಪ್ಯಾಂಟಿನ ಜೇಬಿಗೆ ಇಳಿಬಿಟ್ಟುಕೊಂಡು ಹೊರಟ. ತಲೆಯಲ್ಲಿ ಬೀರು ಇದ್ದರೆ ತಾನೆ ಕೀಲಿ ನೆನಪಾಗುವುದು? ಅವನ ತಲೆಯ ತುಂಬ ಲಿಂಡಾ ಇದ್ದಳು.

ಅಯ್ಯೋ, ನೀವು ಅಂದುಕೊಂಡ ಹಾಗಲ್ಲ. ಲಿಂಡಾ ಅಂದರೆ ಅಮೆರಿಕದ ಓಹಾಯೋದಲ್ಲಿರುವ ಅರವತ್ತೆರಡು ವರ್ಷದ ಹೆಂಗಸು. ಭೋಜರಾಜನ ಮೊಟ್ಟಮೊದಲ ಗಿರಾಕಿ.

ಭೋಜರಾಜನಿಗೆ ನಲವತ್ತೆಂಟು ವರ್ಷ. ಮದ್ರಾಸಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಅವನ ಹೆಸರು ಯಾರ ಬಾಯಲ್ಲೂ ನಿಂತಿರಲಿಲ್ಲ. ಮ್ಯಾನೇಜರ್ ಶಂಕರನಾರಾಯಣ ಅವನನ್ನು ಕರೆಯುತ್ತಿದ್ದದ್ದೇ "ಏನ್ರೀ ಹಳೇ ಪಾಲಿಸಿ" ಅಂತ. ಹಾಲಿನವನಿಗೆ ಅವನು ಬರೀ ಮೂರನೇ ನಂಬರು. ಒಮ್ಮೆ ಬೋನಸ್ ಪತ್ರ ಬಂದಾಗ, ಬಾಗಿಲ ನಂಬರು, ಬೀದಿ, ಪಿನ್‌ಕೋಡು ಎಲ್ಲ ಸರಿಯಾಗಿದ್ದರೂ, 'ಇಂಥವರು ಇಲ್ಲಿಲ್ಲ' ಎಂದು ಬರೆಸಿಕೊಂಡು ಅದು ವಾಪಸು ಹೋಗಿತ್ತು. ತನ್ನ ಹೆಸರನ್ನು ಲೋಕ ಒಂದು ಸಲವಾದರೂ ಸರಿಯಾಗಿ ಉಚ್ಚರಿಸಬೇಕು ಅನ್ನುವ ಆಸೆ ಅವನಿಗೆ ಹಸಿವಿನ ಹಾಗೆ ಕಾಡುತ್ತಿತ್ತು.

ಒಂಬತ್ತನೇ ಕ್ಲಾಸಿನ ಮಗಳು ಶ್ರೀಯಾ ದಾರಿ ತೋರಿಸಿದಳು. ಇಂಟರ್‌ನೆಟ್ಟಿನಲ್ಲಿ ಒಂದು ಸಂತೆ ಇದೆಯಂತೆ. ಯಾರು ಬೇಕಾದರೂ ಅಂಗಡಿ ಇಡಬಹುದಂತೆ, ಗಿರಾಕಿ ಹೇಳಿದ ಹಾಗೆ ಸಾಮಾನು ಮಾಡಿಸಿ ಕಳಿಸಬಹುದಂತೆ. ಭೋಜರಾಜ ಕುಂಭಕೋಣದ ಹಿತ್ತಾಳೆ ಕಾಫಿ ಲೋಟದ ಫೋಟೋ ಹಾಕಿಸಿದ, ಬೇಕಾದ ಹೆಸರು ಕೊರೆಸಿ ಕೊಡುತ್ತೇವೆ ಎಂದು ಬರೆಸಿದ. ಮೇಲೆ ದಪ್ಪ ಅಕ್ಷರದಲ್ಲಿ 'ಭೋಜರಾಜ ಆರ್ಟ್ಸ್, ಮದ್ರಾಸ್', ಕೆಳಗೆ ಕೋಟು ಹಾಕಿಕೊಂಡ ತನ್ನದೇ ಚಿತ್ರ.

"ಐದು ಸಾವಿರ ವರ್ಷಗಳ ಕಾಫಿ ಪರಂಪರೆ ಅಂತ ಹಾಕು" ಅಂದ.

"ಅಪ್ಪಾ, ಕಾಫಿ ಬಂದೇ ಅಷ್ಟು ವರ್ಷ ಆಗ್ಲಿಲ್ಲ. ಹಿಸ್ಟರಿ ಮಿಸ್ ನೋಡಿದ್ರೆ ಅವ್ಳೋದಾನ್, ನನ್ನ ಕಥೆ ಮುಗೀತು" ಅಂದಳು ಶ್ರೀಯಾ.

"ನಿನ್ನ ಮಿಸ್ಸು ಲೋಟ ಕೊಳ್ತಾರಾ? ಹಾಕು ಸುಮ್ನೆ."

ಮೂರು ತಿಂಗಳು ಆ ಅಂಗಡಿಗೆ ನೊಣವೂ ಬರಲಿಲ್ಲ. ಆಮೇಲೆ ಲಿಂಡಾ ಬಂದಳು. ಅವಳದೊಂದು ಕಾಫಿ ಕ್ಲಬ್ಬು, ಹನ್ನೆರಡು ಜನ ಹೆಂಗಸರು. ಒಂದೊಂದು ಲೋಟದ ಮೇಲೆ ಒಬ್ಬೊಬ್ಬಳ ಹೆಸರು: ಡೆಬ್ಬಿ, ಕ್ಯಾಥಿ, ಬಾರ್ಬರಾ, ಹೀಗೆ. ಹೊಸ ಅಂಗಡಿಯವನು ಮೊದಲ ಆರ್ಡರನ್ನು ಹತ್ತು ದಿನದೊಳಗೆ ರವಾನಿಸದಿದ್ದರೆ ಅಂಗಡಿಯನ್ನೇ ಎತ್ತಿಬಿಡುತ್ತೇವೆ ಅನ್ನುವುದು ಆ ಸಂತೆಯ ಕಾನೂನು. ಕುಂಭಕೋಣದವನು ಎಳೆದಾಡಿ ಲೋಟ ಕಳಿಸುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು. ಅಮಾವಾಸ್ಯೆಯೇ ಹತ್ತನೇ ದಿನ. ಕೊರಿಯರ್ ಆಫೀಸು ಮುಚ್ಚುವುದು ಸಂಜೆ ಆರಕ್ಕೆ.

ಅವನು ಮನೆಗೆ ಬಂದಾಗ ಹೆಂಡತಿ ಸುಮತಿ ನಡುಮನೆಯಲ್ಲಿ ನವರಾತ್ರಿಯ ಬೊಂಬೆ ಕೂರಿಸುವುದಕ್ಕೆ ಮೆಟ್ಟಿಲು ಜೋಡಿಸುತ್ತಿದ್ದಳು.

"ಅಮಾವಾಸ್ಯೆ ದಿನ ಮೊದಲನೇ ವ್ಯಾಪಾರ ಕಳಿಸ್ತೀರಾ? ನಮ್ಮೂರಲ್ಲಾಗಿದ್ರೆ ಹೊಸ್ತಿಲು ದಾಟೋಕೂ ಬಿಡ್ತಿರಲಿಲ್ಲ ನಮ್ಮಮ್ಮ."

"ಇವತ್ತು ಕಳಿಸದಿದ್ರೆ ಅಂಗಡಿ ಮುಚ್ತಾರೆ ಕಣೇ!"

ಎದುರು ಮನೆಯ ಬಾಗಿಲು ತೆರೆಯಿತು. ಅದು ಯಾವಾಗಲೂ ಹಾಗೇ. ಭೋಜರಾಜನ ಮನೆಯಲ್ಲಿ ದನಿ ಸ್ವಲ್ಪ ಏರಿದರೆ ಸಾಕು, ಎದುರುಮನೆ ಜಯಲಕ್ಷ್ಮಮ್ಮ ಪ್ರತ್ಯಕ್ಷ. ನಂಜನಗೂಡಿನಿಂದ ಮದುವೆಯಾಗಿ ಬಂದು ನಲವತ್ತು ವರ್ಷ ಮದ್ರಾಸಿನಲ್ಲಿ ಬೇರು ಬಿಟ್ಟ ಆಕೆಗೆ ಗೊತ್ತಿಲ್ಲದ ಮನೆ ಆ ಬೀದಿಯಲ್ಲಿರಲಿಲ್ಲ, ಆಕೆಯ ಸಲಹೆ ಇಲ್ಲದೆ ಆದ ಮದುವೆಯೂ ಇರಲಿಲ್ಲ.

"ಸುಮತಿ, ಇಲ್ಲಿ ಅಮಾವಾಸ್ಯೆ ರೊಂಬ ಒಳ್ಳೇ ದಿನ ಕಣೇ. ಮದ್ರಾಸಿಗೆ ಬಂದಮೇಲೆ ಮದ್ರಾಸಿನ ಪಂಚಾಂಗ ನೋಡ್ಬೇಕು. ಭೋಜರಾಜಾ, ಹೆಸರು ಹಾಕಿಸೋಕೆ ಎಲ್ಲಿಗೆ ಹೋಗ್ತೀಯಪ್ಪಾ?"

"ಟಿ. ನಗರದಲ್ಲಿ ಪಾತ್ರೆ ಅಂಗಡಿಗಳ ಹತ್ರ ಯಾರಾದ್ರೂ ಸಿಕ್ತಾರೆ ಅಮ್ಮ."

"ಯಾರಾದ್ರೂನಾ! ಅಡ ಕಡವುಳೇ! ಏಳುಮಲೈ ಇರೋವಾಗ ಯಾರಾದ್ರೂ ಯಾಕೆ? ಮೂವತ್ತು ವರ್ಷದಿಂದ ನಮ್ಮನೆ ಪಾತ್ರೆಗೆಲ್ಲ ಅವನೇ ಹೆಸರು ಹಾಕೋದು. ಇರು, ನಾನೂ ಬರ್ತೀನಿ. ನನ್ನದೂ ಒಂದು ಹಾಲಿನ ಪಾತ್ರೆ ಇದೆ, ನಾದಿನಿ ಮಗಳ ಗೃಹಪ್ರವೇಶಕ್ಕೆ."

ಬೇಡ ಅನ್ನಲು ಭೋಜರಾಜ ಬಾಯಿ ತೆರೆಯುವಷ್ಟರಲ್ಲಿ ಆಕೆ ಚಪ್ಪಲಿ ಮೆಟ್ಟಿಯಾಗಿತ್ತು.

ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿದು, ರಂಗನಾಥನ್ ಬೀದಿಯ ಹಬ್ಬದ ಜನರ ನಡುವೆ ನುಗ್ಗಿ ಹೋಗುವುದರಲ್ಲಿ ಭೋಜರಾಜನ ಅಂಗಿ ತೊಯ್ದು ಬೆನ್ನಿಗೆ ಅಂಟಿತು. ಜಯಲಕ್ಷ್ಮಮ್ಮ ಮಾತ್ರ ಹೂವು, ಅರಿಶಿನದ ಕೊಂಬು, ಪಿಂಗಾಣಿ ಬೊಂಬೆ ಎಲ್ಲದರ ಬೆಲೆ ಕೇಳುತ್ತ, ಯಾವುದನ್ನೂ ಕೊಳ್ಳದೆ ಆರಾಮಾಗಿ ಬಂದರು.

ಒಂದು ದೊಡ್ಡ ಪಾತ್ರೆ ಅಂಗಡಿಯ ಬಾಗಿಲ ಪಕ್ಕದಲ್ಲಿ, ಸ್ಟೂಲಿನ ಮೇಲೆ ಏಳುಮಲೈ ಕೂತಿದ್ದ. ಬಿಳಿ ಮೀಸೆ, ದಪ್ಪ ಕನ್ನಡಕ. ಕೈಯಲ್ಲಿ ವೈರು ಕಟ್ಟಿದ ದಪ್ಪ ಪೆನ್ನಿನಂಥ ಮೆಷಿನ್ನು. ಅದು ಜೇನುಹುಳದ ಹಾಗೆ ಗುಂಯ್ ಅನ್ನುತ್ತ ಪಾತ್ರೆಯ ಮೇಲೆ ಅಕ್ಷರ ಕೊರೆಯುತ್ತಿತ್ತು.

ಭೋಜರಾಜ ಚೀಲದಿಂದ ಹನ್ನೆರಡು ಲೋಟ ತೆಗೆದು ಸಾಲಾಗಿ ಇಟ್ಟ. ಪಕ್ಕದಲ್ಲೇ ಜಯಲಕ್ಷ್ಮಮ್ಮ ತಮ್ಮ ಹಾಲಿನ ಪಾತ್ರೆ ಇಟ್ಟರು. ಹೆಸರಿನ ಪಟ್ಟಿಯನ್ನು ಏಳುಮಲೈ ಕೈಗಿತ್ತ. ಒಂದೊಂದಕ್ಕೆ ಒಂದೊಂದು ಹೆಸರು ಎಂದು ವಿವರಿಸುವುದಕ್ಕೆ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮೊಬೈಲು ಕಿರುಚಿತು.

"ಏನ್ರೀ ಹಳೇ ಪಾಲಿಸಿ!" ಶಂಕರನಾರಾಯಣರ ದನಿ ಫೋನಿನಿಂದ ಹೊರಗೇ ಬಂದು ನಿಂತಿತು. "ಬೀರು ಕೀಲಿ ಎಲ್ರೀ? ಇನ್ಸ್‌ಪೆಕ್ಷನ್‌ನವರು ಬಂದು ಬೀರು ಮುಂದೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ಅರ್ಧ ಗಂಟೇಲಿ ಕೀಲಿ ಬರದಿದ್ರೆ ಬೀರು ಒಡೆಸ್ತೀನಿ, ಆಮೇಲೆ ನಿಮ್ಮನ್ನೂ!"

ಭೋಜರಾಜ ಜೇಬು ಮುಟ್ಟಿಕೊಂಡ. ಕೀಲಿ ತಣ್ಣಗೆ ಕೂತಿತ್ತು.

"ಹೋಗಪ್ಪಾ, ಹೋಗಿ ಕೊಟ್ಟು ಬಾ. ನಾನಿದೀನಲ್ಲ!" ಅಂದರು ಜಯಲಕ್ಷ್ಮಮ್ಮ.

'ನಾನಿದೀನಲ್ಲ' ಅಂತ ಯಾರಾದರೂ ಅಂದಾಗಲೇ ಮನುಷ್ಯ ಎಚ್ಚರವಾಗಬೇಕು. ಭೋಜರಾಜ ಆಗಲಿಲ್ಲ. ಆಟೋ ಹತ್ತಿದ.

ಆಫೀಸಿನಲ್ಲಿ ಕೀಲಿ ಕೊಟ್ಟು ಬರುವುದು ಎರಡು ನಿಮಿಷದ ಕೆಲಸ ಅಂದುಕೊಂಡಿದ್ದ. ಆದರೆ ಬೀರು ತೆರೆದ ಇನ್ಸ್‌ಪೆಕ್ಟರಿಗೆ 1987ರ ಒಂದು ಪಾಲಿಸಿ ಕಾಣಲಿಲ್ಲ. ಹುಡುಕಿದರು, ಬೈದರು, ಮತ್ತೆ ಹುಡುಕಿದರು. ಭೋಜರಾಜ ಐದು ಸಲ "ಸಾರ್, ನಂಗೆ ಅರ್ಧ ದಿನ ರಜೆ" ಅಂದ. ಐದು ಸಲವೂ ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಆ ಕಡತ ಇನ್ಸ್‌ಪೆಕ್ಟರ ಕುರ್ಚಿಯ ಮೇಲೆ, ಸಾಕ್ಷಾತ್ ಇನ್ಸ್‌ಪೆಕ್ಟರ ಅಡಿಯಲ್ಲೇ ಸಿಕ್ಕಿತು. ಅವರು ಎದ್ದು ನಿಂತು, "ಇದನ್ನ ಯಾರು ಇಲ್ಲಿಟ್ಟಿದ್ದು?" ಎಂದು ಭೋಜರಾಜನನ್ನೇ ಗದರಿದರು.

ಅವನು ಟಿ. ನಗರಕ್ಕೆ ವಾಪಸು ಬಿದ್ದಾಗ ಐದು ಗಂಟೆ ದಾಟಿತ್ತು. ಏಳುಮಲೈ ಕೆಲಸ ಮುಗಿಸಿ, ಲೋಟಗಳನ್ನು ಬಟ್ಟೆಯಲ್ಲಿ ಉಜ್ಜಿ ಸಾಲಾಗಿ ನಿಲ್ಲಿಸಿ, ಬೀಡಿ ಹಚ್ಚಿದ್ದ. ಜಯಲಕ್ಷ್ಮಮ್ಮ ಇರಲಿಲ್ಲ.

ಭೋಜರಾಜ ಮೊದಲ ಲೋಟ ಎತ್ತಿದ. ಮುತ್ತಿನಂಥ ತಮಿಳು ಅಕ್ಷರದಲ್ಲಿ 'ಜಯಲಕ್ಷ್ಮಮ್ಮ, ವೆಸ್ಟ್ ಮಾಂಬಲಂ' ಎಂದಿತ್ತು. ಪಕ್ಕದಲ್ಲೊಂದು ಗಿಣಿ. ಎರಡನೆಯದು ಎತ್ತಿದ. ಜಯಲಕ್ಷ್ಮಮ್ಮ, ಗಿಣಿ. ಹನ್ನೆರಡೂ ಜಯಲಕ್ಷ್ಮಮ್ಮ. ಹನ್ನೆರಡೂ ಗಿಣಿ.

"ಅಯ್ಯಯ್ಯೋ! ಏನ್ರೀ ಇದು? ಪಟ್ಟಿ ಕೊಟ್ಟಿದ್ನಲ್ರೀ!" ಭೋಜರಾಜ ಕನ್ನಡ, ತಮಿಳು ಎರಡರಲ್ಲೂ ಒಟ್ಟಿಗೆ ಅರಚಿದ.

ಏಳುಮಲೈ ಗಾಬರಿಯಾಗಲಿಲ್ಲ. ಒಂದು ಲೋಟದೊಳಗೆ ಜೋಪಾನವಾಗಿ ಮಡಿಸಿಟ್ಟಿದ್ದ ಪಟ್ಟಿಯನ್ನು ತೆಗೆದುಕೊಟ್ಟು ತಮಿಳಿನಲ್ಲಿ ಹೇಳಿದ: "ಇದು ಯಾರ್‍ಯಾರಿಗೆ ಕೊಡೋದು ಅನ್ನೋ ಪಟ್ಟಿ ಅಲ್ವಾ ಸಾರ್? ನವರಾತ್ರಿ ಬಂದ್ರೆ ಎಲ್ಲ ಅಮ್ಮಂದಿರೂ ತರ್ತಾರೆ. ಜೋಪಾನವಾಗಿ ಇಟ್ಟಿದೀನಿ."

"ಆ ಹೆಸರುಗಳನ್ನೇ ಹಾಕಬೇಕಿತ್ತು ಕಣ್ರೀ!"

"ತಗೊಳ್ಳೋರ ಹೆಸರಾ?" ಏಳುಮಲೈ ನಕ್ಕೇಬಿಟ್ಟ. "ನಲವತ್ತು ವರ್ಷದಿಂದ ಇದೇ ಕೆಲಸ ಸಾರ್ ನಂದು. ಪಾತ್ರೆ ಮೇಲೆ ಕೊಡೋರ ಹೆಸರು ಹಾಕೋದು. ತಗೊಳ್ಳೋರಿಗೆ ಅವರವರ ಹೆಸರು ಗೊತ್ತೇ ಇರುತ್ತಲ್ಲ? ಎರಡು ತಿಂಗಳಲ್ಲಿ ಮರೆತುಹೋಗೋದು ಕೊಟ್ಟೋರ ಹೆಸರು. ಅಮ್ಮ ತಂದ್ರು, ಅಮ್ಮನ ಹೆಸರು ಹಾಕ್ದೆ. ಗಿಣಿ ಫ್ರೀ, ಹಳೇ ಗಿರಾಕಿ ಅಂತ."

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ನಮ್ಮ ನಿಮ್ಮ ಮನೆಯ ಅಟ್ಟದ ಮೇಲೆ ಎಷ್ಟು ಪಾತ್ರೆ ಇಲ್ಲ, ಯಾವಳೋ ದೊಡ್ಡತ್ತೆಯ ಹೆಸರು ಹೊತ್ತುಕೊಂಡು?

ಅಷ್ಟರಲ್ಲಿ ಜಯಲಕ್ಷ್ಮಮ್ಮ ಒಂದು ದಶಾವತಾರದ ಸೆಟ್ಟು ಕಂಕುಳಲ್ಲಿ ಇರುಕಿಕೊಂಡು ಬಂದರು. "ಹೇಗೂ ಎರಡು ಗಂಟೆ ಹಿಡಿಯುತ್ತಲ್ಲ ಅಂತ ಬೊಂಬೆ ಅಂಗಡಿಗೆ ಹೋಗಿದ್ದೆ ಕಣಪ್ಪಾ. ಆಯ್ತಾ?" ಲೋಟ ಎತ್ತಿ ನೋಡಿದರು. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು. ಮುಖದಲ್ಲಿ ಸಂಕೋಚಕ್ಕಿಂತ ಸಂತೋಷವೇ ಹೆಚ್ಚಿತ್ತು.

"ಅಡಡಾ, ನನ್ನ ಹೆಸರು ಹಾಕ್ಬಿಟ್ನಾ! ಪರವಾಯಿಲ್ಲ ಬಿಡು, ಗಿಣಿ ಎಷ್ಟು ಲಕ್ಷಣವಾಗಿದೆ ನೋಡು."

"ನನ್ನ ಅಂಗಡಿ ಮುಳುಗಿಹೋಯ್ತಮ್ಮಾ!" ಭೋಜರಾಜ ಗಡಿಯಾರ ನೋಡಿಕೊಂಡ. "ಇರೋದೇ ಹನ್ನೆರಡು ಲೋಟ. ಮುಕ್ಕಾಲು ಗಂಟೆ ಇದೆ. ಏಳುಮಲೈ, ಇನ್ನೊಂದು ಪಕ್ಕ ಆ ಹೆಸರುಗಳನ್ನ ಕೊರೀರಿ, ಕೈ ಮುಗೀತೀನಿ."

ಏಳುಮಲೈ ಬೀಡಿ ಆರಿಸಿ ಮೆಷಿನ್ನು ಎತ್ತಿಕೊಂಡ. ಮೊದಲ ಲೋಟಕ್ಕೆ ಮೊನೆ ತಾಗಿಸಿದ. ಕರೆಂಟು ಹೋಯಿತು.

ಆ ವರ್ಷ ಮದ್ರಾಸಿನಲ್ಲಿ ಕರೆಂಟು ಹೋದರೆ ಬರುವುದು ಅದರ ಇಷ್ಟ. ಪಾತ್ರೆ ಅಂಗಡಿಯ ಜನರೇಟರು ದಡದಡ ಅಂದಿತು, ಆದರೆ ಅದರ ಕರೆಂಟು ಮಾಲೀಕನ ಫ್ಯಾನಿಗೆ, ಒಳಗಿನ ದೀಪಕ್ಕೆ ಮಾತ್ರ. ಸುತ್ತ ಸೇರಿದ ಜನ ಧಾರಾಳವಾಗಿ ಸಲಹೆ ಕೊಟ್ಟರು. ಹುಣಿಸೆಹಣ್ಣು ಹಾಕಿ ಉಜ್ಜಿದರೆ ಹೆಸರು ಹೋಗುತ್ತೆ ಅಂದ ಒಬ್ಬ. ಮರಳು ಕಾಗದ ಅಂದ ಇನ್ನೊಬ್ಬ. ಅಮೆರಿಕದ ಆ ಹೆಂಗಸರೇ ತಮ್ಮ ಹೆಸರು ಬದಲಾಯಿಸಿಕೊಳ್ಳಲಿ ಅಂದಳು ಹೂ ಮಾರುವವಳು.

ಭೋಜರಾಜನ ಕಣ್ಣು ಎದುರಿನ ಸ್ಟೇಷನರಿ ಅಂಗಡಿಯ ಮೇಲೆ ಬಿತ್ತು. ಓಡಿಹೋಗಿ ಶಾಲೆ ಮಕ್ಕಳ ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್ಲು ತಂದ. ಹೆಸರು, ಕ್ಲಾಸು, ಸಬ್ಜೆಕ್ಟು ಅಂತ ಅಚ್ಚಾಗಿರುತ್ತದಲ್ಲ, ಅದೇ. ಫುಟ್‌ಪಾತಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದರ ಮೇಲೂ ಗುಂಡಗೆ ಇಂಗ್ಲಿಷಿನಲ್ಲಿ ಡೆಬ್ಬಿ, ಕ್ಯಾಥಿ, ಬಾರ್ಬರಾ ಎಂದು ಬರೆದ. ಕೆಳಗಿನ ಕ್ಲಾಸು, ಸಬ್ಜೆಕ್ಟು ಕತ್ತರಿಸಿದ. ಅವಸರದಲ್ಲಿ ಎರಡರಲ್ಲಿ ಕತ್ತರಿಸಲು ಮರೆತ. ಪ್ರತಿ ಲೇಬಲ್ಲಿಗೂ ಗೋಂದು ಮೆತ್ತಿ, ಸರಿಯಾಗಿ ಜಯಲಕ್ಷ್ಮಮ್ಮನ ಹೆಸರು, ಗಿಣಿ ಎರಡೂ ಮುಚ್ಚಿಹೋಗುವ ಹಾಗೆ ಒತ್ತಿದ.

"ಅಷ್ಟು ಚೆನ್ನಾಗಿರೋದನ್ನ ಮುಚ್ತೀಯಲ್ಲಪ್ಪಾ!" ಜಯಲಕ್ಷ್ಮಮ್ಮ ನೊಂದುಕೊಂಡರು.

ಆರಕ್ಕೆ ಎರಡು ನಿಮಿಷ ಇರುವಾಗ ಪೆಟ್ಟಿಗೆ ಕೊರಿಯರ್ ಆಫೀಸಿನ ಕೌಂಟರಿನ ಮೇಲೆ ಬಿತ್ತು. ರಸೀದಿ ಹಿಡಿದು ಹೊರಬಂದ ಭೋಜರಾಜ ಮೆಟ್ಟಿಲ ಮೇಲೆ ಕೂತು, ಒಂದು ಬಾಟಲಿ ನೀರು ಪೂರ್ತಿ ಕುಡಿದ. ಅಂಗಡಿ ಉಳಿಯಿತು. ಲೇಬಲ್ಲು ಉಳಿಯುತ್ತದೋ ಇಲ್ಲವೋ ದೇವರಿಗೇ ಗೊತ್ತು. ಲಿಂಡಾ ಲೋಟ ತೊಳೆಯದೇ ಕಾಫಿ ಕುಡಿಯುವವಳಾಗಿರಲಿ ಎಂದು ವಡಪಳನಿ ಮುರುಗನಿಗೆ ಹರಕೆ ಹೊತ್ತ.

ಮೂರು ವಾರ ಅವನಿಗೆ ಅನ್ನ ಸೇರಲಿಲ್ಲ. ಪ್ರತಿ ಸಂಜೆ "ಬಂತಾ?" ಅಂತ ಕೇಳುತ್ತಿದ್ದ, ಶ್ರೀಯಾ "ಇಲ್ಲಪ್ಪಾ" ಅನ್ನುತ್ತಿದ್ದಳು. ದೀಪಾವಳಿಯ ಹಿಂದಿನ ಶನಿವಾರ ಅವಳು ಕಂಪ್ಯೂಟರಿನ ಮುಂದಿನಿಂದಲೇ ಕೂಗಿದಳು: "ಅಪ್ಪಾ! ಲಿಂಡಾ ಆಂಟಿ ಮೇಲ್ ಬಂದಾಚ್ಚು!"

ಸುಮತಿ ಸೌಟು ಹಿಡಿದುಕೊಂಡೇ ಬಂದಳು. ಭೋಜರಾಜ ಕುರ್ಚಿಯ ಬೆನ್ನು ಹಿಡಿದು ನಿಂತ. ಶ್ರೀಯಾ ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಓದಿ ಹೇಳಿದಳು.

"ಪೇಪರ್ ಲೇಬಲ್ ಬಿಸಿನೀರು ತಾಗಿದ ಕೂಡ್ಲೆ ಕಿತ್ತುಬಂತಂತೆ. ಅವ್ರಿಗೆ ತುಂಬ ಕೋಪ ಬಂತಂತೆ."

"ಮುಗೀತು" ಅಂದ ಭೋಜರಾಜ.

"ಇರಿ ಅಪ್ಪಾ, ಇನ್ನೂ ಇದೆ. ಲೇಬಲ್ ಕೆಳಗೆ ನೋಡಿದ್ರೆ ಏನೋ ಅದ್ಭುತವಾದ ಬರವಣಿಗೆ ಇತ್ತಂತೆ, ಒಂದು ಗಿಣಿ ಇತ್ತಂತೆ. ಹನ್ನೆರಡರ ಮೇಲೂ ಒಂದೇ ಥರ. ಅವರ ಊರಿನ ಹಲ್ಲಿನ ಡಾಕ್ಟ್ರು ಮದುರೈಯವರಂತೆ, ಅವರ ಹತ್ರ ಓದಿಸಿದ್ರಂತೆ. ಜಯಲಕ್ಷ್ಮಮ್ಮ, ವೆಸ್ಟ್ ಮಾಂಬಲಂ."

"ಆಮೇಲೆ?" ಭೋಜರಾಜನ ಎದೆಯಲ್ಲಿ ಸಣ್ಣಗೆ ಆಸೆ ಚಿಗುರಿತು.

ಶ್ರೀಯಾ ಒಂದು ಕ್ಷಣ ಅಪ್ಪನ ಮುಖ ನೋಡಿ, ನಿಧಾನವಾಗಿ ಓದಿದಳು. 'ಪ್ರತಿಯೊಂದು ಲೋಟದ ಮೇಲೂ ತನ್ನ ಕೈಯಾರೆ ಸಹಿ ಹಾಕಿದ ಒಬ್ಬ ಮಹಾನ್ ಕಲಾವಿದೆಯ ಹೆಸರನ್ನು ನೀವು ಶಾಲೆಯ ಚೀಟಿ ಅಂಟಿಸಿ ಮುಚ್ಚಿದ್ದೀರಿ. ಬಡ ಕಲಾವಿದರ ಹೆಸರನ್ನು ಅಳಿಸಿ ತಮ್ಮ ಹೆಸರು ಮೆರೆಸುವ ದಲ್ಲಾಳಿಗಳ ಬಗ್ಗೆ ಓದಿದ್ದೆವು, ಈಗ ಕಂಡೆವು. ಜೊತೆಗೆ, ಇಬ್ಬರು ಹೆಂಗಸರ ಸಬ್ಜೆಕ್ಟು ಏನು ಎಂದು ಕೇಳಿ ನಮ್ಮನ್ನು ಹಾಸ್ಯ ಮಾಡಿದ್ದೀರಿ. ಲೋಟಗಳಿಗೆ ಐದು ನಕ್ಷತ್ರ. ನಿಮ್ಮ ಅಂಗಡಿಗೆ ಒಂದು, ಅದೂ ಸೊನ್ನೆ ಕೊಡಲು ಇಲ್ಲಿ ಅವಕಾಶವಿಲ್ಲದ್ದರಿಂದ.' ಕೆಳಗೆ ಹನ್ನೆರಡು ಜನರ ಹೆಸರು. ಅದರ ಕೆಳಗೆ ಸಂತೆಯವರದೇ ಒಂದು ಪತ್ರ: 'ಇದು ತಯಾರಕರ ಮಾರುಕಟ್ಟೆ, ಮಧ್ಯವರ್ತಿಗಳಿಗಲ್ಲ. ಭೋಜರಾಜ ಆರ್ಟ್ಸ್ ಮುಚ್ಚಲಾಗಿದೆ.'

"ಸಹಿನೂ ಅಲ್ಲ ಮಣ್ಣೂ ಅಲ್ಲ, ಅವರಿಗೆ ಬರಿಯಮ್ಮಾ! ಆಯಮ್ಮ ಹಾಲಿನ ಪಾತ್ರೆಗೆ ಹೆಸರು ಹಾಕಿಸೋಕೆ ಬಂದಿದ್ರು ಅಂತ ಬರಿ!" ಭೋಜರಾಜನಿಗೆ ಅಳುವೇ ಬಂತು.

"ಬರೆದ್ರೆ ನಂಬ್ತಾರಾ ಅಪ್ಪಾ?"

ನಂಬುವುದಿಲ್ಲ ಅಂತ ಅವನಿಗೂ ಗೊತ್ತಿತ್ತು.

ಎರಡು ವಾರದ ಮೇಲೆ ಒಂದು ಮಂಗಳವಾರ ಎದುರುಮನೆಗೆ ಅಮೆರಿಕದಿಂದ ಲಿಂಡಾಳ ಕಾಗದ ಬಂತು. ವಿಳಾಸದಲ್ಲಿ ಇದ್ದದ್ದು ಇಷ್ಟೇ: ಜಯಲಕ್ಷ್ಮಮ್ಮ, ಆರ್ಟಿಸ್ಟ್, ವೆಸ್ಟ್ ಮಾಂಬಲಂ, ಮದ್ರಾಸ್. ಬೀದಿ ಇಲ್ಲ, ಬಾಗಿಲ ನಂಬರಿಲ್ಲ, ಪಿನ್‌ಕೋಡಿಲ್ಲ. ಪೋಸ್ಟ್‌ಮ್ಯಾನ್ ಒಬ್ಬರನ್ನೂ ಕೇಳದೆ ನೇರವಾಗಿ ತಂದುಕೊಟ್ಟಿದ್ದ.

ಜಯಲಕ್ಷ್ಮಮ್ಮ ಅದನ್ನು ಹಿಡಿದುಕೊಂಡು ಬಂದು ಸೋಫಾದ ಮೇಲೆ ಕೂತರು. "ಮುನ್ನೂರು ಲೋಟ ಬೇಕಂತೆ ಕಣಪ್ಪಾ, ನನ್ನ ಸಹಿ ಇರೋದು. ಗಿಣಿ ಬಿಡಬಾರದಂತೆ. ಅದೇನೋ ಇಂಟರ್‌ನೆಟ್ ಸಂತೆಯವರು ಅಂಗಡಿ ನನ್ನ ಹೆಸರಿಗೇ ಮಾಡ್ಕೊಡ್ತಾರಂತೆ, ನಾನು ಕೆಲಸ ಮಾಡ್ತಿರೋ ಫೋಟೋ ಒಂದು ಕಳಿಸಿದ್ರೆ."

"ಅಮ್ಮಾ, ನಿಮಗೆ ಕೊರೆಯೋಕೆ ಎಲ್ಲಿ ಬರುತ್ತೆ?"

"ಅದಕ್ಕೇನಪ್ಪಾ, ಅಷ್ಟು ದೂರದಿಂದ ಪ್ರೀತಿಯಿಂದ ಬರೆದಿದಾರೆ, ಇಲ್ಲ ಅಂತ ಮನಸ್ಸು ನೋಯಿಸೋಕಾಗುತ್ತಾ? ಕುಂಭಕೋಣದವನ ಪರಿಚಯ ನಿನಗಿದೆ, ಕೊರಿಯರ್ರೂ ನಿನಗೇ ಗೊತ್ತು. ಭಾನುವಾರ ಬಂದ್ಬಿಡು. ಈ ಸಾರಿ ಮಾತ್ರ ಚೀಟಿ ಗೀಟಿ ಅಂಟಿಸೋಕೆ ಹೋಗ್ಬೇಡ."

ಸುಮತಿ ಕಾಫಿ ತಂದಳು. ಅತಿಥಿಗೆ ಮೊದಲು ಕೊಟ್ಟಳು. ಇಲ್ಲ ಅನ್ನಬೇಕೆಂದು ಭೋಜರಾಜ ಶನಿವಾರ ರಾತ್ರಿಯೆಲ್ಲ ಮಾತು ಜೋಡಿಸಿದ. ಭಾನುವಾರ ಬೆಳಿಗ್ಗೆ ಎದುರುಮನೆಯ ಬಾಗಿಲು ತೆರೆದ ಸದ್ದಾಯಿತು, ಅವನು ಚೀಲ ಎತ್ತಿಕೊಂಡ.

ರಂಗನಾಥನ್ ಬೀದಿಯಲ್ಲಿ ಏಳುಮಲೈ ಸಂತೋಷದಿಂದಲೇ ಸ್ಟೂಲು ಬಿಟ್ಟುಕೊಟ್ಟ. ಮುನ್ನೂರು ಲೋಟದ ಕೆಲಸ ಸಿಕ್ಕಿತಲ್ಲ, ಹೆಸರು ಯಾರದಾದರೆ ಅವನಿಗೇನು? ಜಯಲಕ್ಷ್ಮಮ್ಮ ಮದುವೆ ಮನೆಯ ರೇಷ್ಮೆ ಸೀರೆಯಲ್ಲಿ ಕೂತು, ಮೆಷಿನ್ನನ್ನು ಸೌಟು ಹಿಡಿದ ಹಾಗೆ ಹಿಡಿದು, ಲೋಟದ ಮೇಲೆ ಗಂಭೀರವಾಗಿ ಬಗ್ಗಿದರು. ಕ್ಯಾಮೆರಾ ಹಿಡಿದ ಶ್ರೀಯಾ ಒಂದು ಕಣ್ಣು ಮುಚ್ಚಿದಳು.

"ಅಪ್ಪಾ, ಕೊಂಜ ಆಚೆ ಹೋಗಿ. ಫೋಟೋದಲ್ಲಿ ಬರ್ತಾ ಇದೀರಿ."

ಎರಡೂ ಕೈಯಲ್ಲಿ ಲೋಟದ ಚೀಲ ಹಿಡಿದಿದ್ದ ಭೋಜರಾಜ ಹಿಂದಕ್ಕೆ ಸರಿದು, ಗೋಡೆಗೆ ಒರಗಿ ನಿಂತಿದ್ದ ಏಳುಮಲೈ ಪಕ್ಕದಲ್ಲಿ ನಿಂತುಕೊಂಡ. ಏಳುಮಲೈ ಅವನ ಕಡೆ ಬಗ್ಗಿ, ಮರ್ಯಾದೆಯಿಂದ ಕೇಳಿದ:

"ಆಮಾ ಸಾರ್, ಅವತ್ತಿನಿಂದ ಕೇಳಬೇಕು ಅಂತಿದ್ದೆ. ನಿಮ್ಮ ಹೆಸರೇನು?"

ಭೋಜರಾಜ ಬಾಯಿ ತೆರೆದ. ಅಷ್ಟರಲ್ಲಿ ಜಯಲಕ್ಷ್ಮಮ್ಮ ಲೋಟದಿಂದ ಕಣ್ಣು ಕೀಳದೆ ಅಲ್ಲಿಂದಲೇ ಉತ್ತರ ಕೊಟ್ಟರು.

"ಅವರಾ? ನಮ್ಮ ಅಸಿಸ್ಟೆಂಟು."